ಪುಂಡಿಪಲ್ಯದಲ್ಲಿ ಏನಿತ್ತು

ನನಗೆ ಉಣ್ಣಿ ಕಚ್ಚಿದ್ದು ಯಾವ ದಿನ ಎಂದು ಹೇಳಲಾರೆ. ನಮ್ಮದು ಜೇವರ್ಗಿ ತಾಲ್ಲೂಕಿನ ನೆಲೋಗಿ. ಹಿತ್ತಿಲಲ್ಲಿ ಆರು ಆಡುಗಳಿದ್ದವು. ಅವುಗಳ ಕಿವಿಯೊಳಗೆ, ಬಾಲದ ಬುಡದಲ್ಲಿ ಕಚ್ಚಿಕೊಂಡು, ರಕ್ತ ಹೀರಿ ಹೆಸರುಕಾಳಿನಷ್ಟು ದಪ್ಪವಾದ ಉಣ್ಣಿಗಳನ್ನು ಕಿತ್ತು ಸೀಮೆಎಣ್ಣೆಯ ಡಬ್ಬಿಗೆ ಹಾಕುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ಎಂಎಸ್‌ಸಿ ಮುಗಿಸಿ, ಜೇವರ್ಗಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿಯಾದ ಮೇಲೂ ಭಾನುವಾರ ಆ ಕೆಲಸ ತಪ್ಪಿರಲಿಲ್ಲ. ಆಗೀಗ ಒಂದೆರಡು ಉಣ್ಣಿ ನನ್ನ ಸೊಂಟಕ್ಕೂ ಮೊಣಕಾಲಿನ ಹಿಂದಕ್ಕೂ ಹತ್ತುತ್ತಿದ್ದವು. ಕಿತ್ತು ಎಸೆಯುತ್ತಿದ್ದೆ. ಆ ಜಾಗ ವಾರಗಟ್ಟಲೆ ತುರಿಸುತ್ತಿತ್ತು. ಅದನ್ನು ಕಾಯಿಲೆಯೆಂದು ಯಾರೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ.

ಕಾಯಿಲೆಯೆಂದು ಎಣಿಸಿದ್ದು ಎದೆಯದನ್ನು. ಏಳನೇ ತರಗತಿಯಲ್ಲಿ ಕೀಲುಗಳು ಊದಿ ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು. ಅದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಕಾಲೇಜಿನ ಎರಡನೇ ಮಹಡಿ ಹತ್ತಲಾಗದೆ ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟ ದಿನ. ಕಲಬುರಗಿಯ ಆಸ್ಪತ್ರೆಯಲ್ಲಿ ಕವಾಟ ಬದಲಿಸಬೇಕು, ತಡಮಾಡಬಾರದು ಎಂದರು.

ಶಸ್ತ್ರಚಿಕಿತ್ಸೆಗೆ ಮೊದಲಿನ ತಪಾಸಣೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು, ಮಂಗಳೂರಿನ ಕಡೆಯ ಮಿತಮಾತಿನ ಹೆಂಗಸು, ಏನಾದರೂ ತಿಂದರೆ ಮೈಗೆ ಒಗ್ಗದೆ ಇರುವುದುಂಟೇ ಎಂದು ಕೇಳಿದರು. ಮಟನ್ ಉಂಡ ದಿನ ನಾಲ್ಕೈದು ತಾಸು ಕಳೆದ ಮೇಲೆ ಮೈತುಂಬ ಗಂಧೆ ಏಳುತ್ತದೆ, ಒಮ್ಮೆ ತುಟಿ ಊದಿ ಕಣ್ಣು ಕತ್ತಲೆ ಬಂದಿತ್ತು ಎಂದೆ. ಪಿತ್ತವೆಂದು ಅವ್ವ ಕಂಬಳಿ ಹೊದಿಸುತ್ತಿದ್ದಳು ಎಂಬುದನ್ನೂ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, ಉಣ್ಣಿ ಕಚ್ಚಿದ್ದುಂಟಾ ಎಂದರು. ಪಕ್ಕದಲ್ಲಿದ್ದ ಅವ್ವನಿಗೆ ನಗು ಬಂತು.

"ಉಣ್ಣಿ ಕಡೀಲಾರದವರು ನಮ್ಮೂರಾಗ ಯಾರದಾರ್ರಿ ಡಾಕ್ಟರಮ್ಮಾ? ಅದಕ್ಕ ಆಡು ಬ್ಯಾರೆ ಅಲ್ಲ, ನಾವು ಬ್ಯಾರೆ ಅಲ್ಲ."

ರಕ್ತವನ್ನು ದೂರದ ಊರಿನ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬಂದಾಗ ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದ್ದು ಇಷ್ಟು. ಉಣ್ಣಿ ಕಚ್ಚಿದ ಕೆಲವರ ದೇಹ ಆಡು, ಕುರಿ, ದನ, ಹಂದಿಯ ಮಾಂಸವನ್ನು ಶತ್ರುವಾಗಿ ಕಾಣತೊಡಗುತ್ತದೆ. ಕೋಳಿ, ಮೀನು ತಿನ್ನಬಹುದು. ಊಟದಲ್ಲಿ ಅದನ್ನು ತಪ್ಪಿಸುವುದು ಸುಲಭ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸುಲಭವಲ್ಲ. ಹೃದಯವನ್ನು ನಿಲ್ಲಿಸಿ ಯಂತ್ರದಲ್ಲಿ ರಕ್ತ ಹರಿಸುವಾಗ ಅದು ಹೆಪ್ಪುಗಟ್ಟದಂತೆ ಹಾಕುವ ಔಷಧಿ ಬರುವುದು ಹಂದಿಯ ಕರುಳಿನಿಂದ. ಹೊಸ ಕವಾಟಗಳಲ್ಲಿ ಒಂದು ಬಗೆ ಪ್ರಾಣಿಗಳದ್ದು. ಕೆಲವು ಮಾತ್ರೆಗಳ ಕ್ಯಾಪ್ಸೂಲ್ ಸಿಪ್ಪೆ ಕೂಡ ಎಲುಬು, ಚರ್ಮ ಬೇಯಿಸಿ ಮಾಡಿದ್ದು.

ಆದರೂ ಅವರು ಕೈಬಿಡಲಿಲ್ಲ. ನಾನು ದಿನವೂ ಹಾಲು ಕುಡಿಯುತ್ತಿದ್ದೆ, ಹಿಂದೆ ಕ್ಯಾಪ್ಸೂಲ್ ನುಂಗಿದ್ದೆ, ಏನೂ ಆಗಿರಲಿಲ್ಲ. ಅಂದರೆ ಸಣ್ಣ ಪ್ರಮಾಣವನ್ನು ನನ್ನ ದೇಹ ತಾಳುತ್ತದೆ. ಮಾಂಸ ಮುಟ್ಟದೆ, ಉಣ್ಣಿ ಕಚ್ಚಿಸಿಕೊಳ್ಳದೆ ಕೆಲವು ತಿಂಗಳು ಕಳೆದರೆ ರಕ್ತದ ಸಿಟ್ಟು ಇಳಿಯುತ್ತದೆ, ಆಗ ಲೋಹದ ಕವಾಟ ಹಾಕಬಹುದು, ಔಷಧಿಯನ್ನು ಮೊದಲು ತೊಟ್ಟಿನಷ್ಟು ಕೊಟ್ಟು ನೋಡಬಹುದು ಎಂದರು. ನಿಮ್ಮ ಊಟ ನಿಮಗೆ ಪೂರ್ತಿ ಗೊತ್ತಿರಬೇಕು, ನನ್ನ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ ಎಂದೂ ಅಂದರು.

ನಾನು ಅಕ್ಷರಶಃ ಪಾಲಿಸಿದೆ. ಉಂಡದ್ದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟೆ. ಅಣ್ಣ ಆಡುಗಳನ್ನು ಸೋದರಮಾವನ ಹೊಲಕ್ಕೆ ಹೊಡೆದುಕೊಂಡು ಹೋದ. ವೈನಿ, ಅಂದರೆ ಅಣ್ಣನ ಹೆಂಡತಿ, ನನಗೆಂದು ಬೇರೆ ಗಡಿಗೆ, ತಿರುವಿ ಬಡಿಸಲು ಬೇರೆ ಹುಟ್ಟು ಇಟ್ಟಳು. ಆಡಿನ ಹಾಲು ಕುಡಿದು ಬೆಳೆದವಳಿಗೆ ಆಡು ಆಗುವುದಿಲ್ಲವೆಂದರೆ ಹೇಗೆ ಎಂದು ಅವ್ವ ಮಾತ್ರ ಗೊಣಗುತ್ತಿದ್ದಳು. ನಾಲ್ಕು ತಿಂಗಳು ಕಳೆಯಿತು. ರಕ್ತದ ಅಂಕಿ ಇಳಿಯಿತು. ದಿನ ಗೊತ್ತಾಯಿತು.

ಆ ದಿನಕ್ಕೆ ಹತ್ತು ದಿನ ಇರುವಾಗ ಅವ್ವ ಮತ್ತು ಅಣ್ಣ ಗಾಣಗಾಪುರಕ್ಕೆ ದರ್ಶನಕ್ಕೆಂದು ಬೆಳಿಗ್ಗೆಯೇ ಹೋದರು. ಹಿಂದಿರುಗಿದಾಗ ಮಧ್ಯಾಹ್ನ ಎರಡೂವರೆ. ಆವತ್ತು ನನಗೆ ಬಡಿಸಿದ್ದು ಅವ್ವ. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಪುಂಡಿಸೊಪ್ಪಿನ ಹುಳಿ, ಬೆಳ್ಳುಳ್ಳಿಯ ಒಗ್ಗರಣೆ, ಶೇಂಗಾಎಣ್ಣೆ. ವಾರಗಳಿಂದ ಊಟ ರುಚಿಸದವಳಿಗೆ ಅದು ರುಚಿಸಿತು. ಪಲ್ಯ ಛಲೋ ಆಗೇದ ಎಂದು ಇನ್ನೊಮ್ಮೆ ಹಾಕಿಸಿಕೊಂಡೆ. ಆಮೇಲೆ ಆ ವಾರ ಹೊಸದಾಗಿ ಬರೆದುಕೊಟ್ಟಿದ್ದ ವಿಟಮಿನ್ ಕ್ಯಾಪ್ಸೂಲಿನಲ್ಲಿ ಮೊದಲನೆಯದನ್ನು ನುಂಗಿದೆ.

ಏಳು ಗಂಟೆಗೆ ಅಂಗೈ ತುರಿಸತೊಡಗಿತು. ನಂತರ ಅಂಗಾಲು, ನೆತ್ತಿ. ಹೊಟ್ಟೆ ಹಿಂಡಿತು. ನಾಲಿಗೆ ಬಾಯಿಗಿಂತ ದೊಡ್ಡದಾದಂತೆ ಅನಿಸಿತು, ಮಾತು ಹೊರಡಲಿಲ್ಲ. ಮೊದಲೇ ಸೋತ ಹೃದಯ ಎಲ್ಲಿ ನಿಲ್ಲುತ್ತದೋ ಎಂದು ಎಣಿಸುತ್ತ ನೆರೆಮನೆಯವರ ಜೀಪಿನಲ್ಲಿ ಜೇವರ್ಗಿಗೆ ಹೋದೆ. ದವಾಖಾನೆಯಲ್ಲಿ ತೊಡೆಗೆ ಒಂದು ಸೂಜಿ ಚುಚ್ಚಿದರು, ಸ್ವಲ್ಪ ಹೊತ್ತಿಗೆ ಇನ್ನೊಂದು. ಹೆಸರು ಗೊತ್ತಿಲ್ಲದ ಒಬ್ಬ ನರ್ಸ್ ನನ್ನ ತಣ್ಣಗಾದ ಪಾದಗಳನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ನಿಂತಿದ್ದಳು. ಆ ಹೊತ್ತಿನಲ್ಲಿ ನೆನಪಿರುವ ಒಳ್ಳೆಯದು ಅದೊಂದೇ.

ಎರಡು ದಿನದ ಮೇಲೆ ಕಲಬುರಗಿಯಲ್ಲಿ ಡಾಕ್ಟರು ಒಂದೇ ಪ್ರಶ್ನೆಯನ್ನು ಮೂರು ರೀತಿ ಕೇಳಿದರು. ಆ ದಿನ ಏನು ಉಂಡಿರಿ, ಮನೆಯಲ್ಲಿ ಬೇರೆ ಏನಾದರೂ ಅಡುಗೆಯಾಗಿತ್ತೇ, ಹೊರಗಿನಿಂದ ಏನಾದರೂ ಬಂದಿತ್ತೇ. ನೋಟುಬುಕ್ಕು ತೆರೆದು ಓದಿದೆ. ಅವರು ಅವ್ವನತ್ತ ನೋಡಿದರು.

"ರೊಟ್ಟಿ, ಪುಂಡಿಪಲ್ಯ, ಮಜ್ಜಿಗಿ. ಮತ್ತೇನಿಲ್ರಿ," ಎಂದಳು ಅವ್ವ. ಅಣ್ಣ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ಹಾಗಾದರೆ ಉಳಿದದ್ದು ಕ್ಯಾಪ್ಸೂಲ್ ಒಂದೇ ಎಂದರು ಡಾಕ್ಟರು. ಆ ಉಗುರಿನಷ್ಟು ಸಿಪ್ಪೆಗೇ ದೇಹ ಹೀಗೆ ಕೆರಳಿದರೆ, ರಕ್ತಕ್ಕೆ ನೇರವಾಗಿ ಹಾಕುವ ಔಷಧಿಗೆ ಏನು ಮಾಡೀತು? ಮೇಜಿನ ಮೇಲೆಯೇ ಕೈತಪ್ಪಿ ಹೋಗಬಹುದು. ಬದಲಿ ಔಷಧಿ ಒಂದಿದೆ, ಅದನ್ನು ಇಂಥ ಶಸ್ತ್ರಚಿಕಿತ್ಸೆಯಲ್ಲಿ ಬಳಸಿ ಅನುಭವವಿದ್ದವರು ಇಲ್ಲಿಲ್ಲ, ದೊಡ್ಡ ಆಸ್ಪತ್ರೆಗಳಿಗೆ ಬರೆದು ಕೇಳುತ್ತೇನೆ ಎಂದರು. ಗೊತ್ತಾಗಿದ್ದ ದಿನ ರದ್ದಾಯಿತು.

ಕಾಯುವುದು ಹೇಗಿರುತ್ತದೆ ಎಂದು ಇದನ್ನು ಅನುಭವಿಸಿದವರಿಗೆ ಹೇಳಬೇಕಿಲ್ಲ. ಐದು ವಾರ ನಾನು ಮೂರು ದಿಂಬಿಗೆ ಒರಗಿ ಕುಳಿತೇ ನಿದ್ದೆ ಮಾಡಿದೆ. ಕಾಲು ಊದಿ ಚಪ್ಪಲಿಯ ಪಟ್ಟಿ ಹಾಕಲಾಗುತ್ತಿರಲಿಲ್ಲ. ಕವಾಟ ಬದಲಿಸದಿದ್ದರೆ ಸಾಯುತ್ತೇನೆ, ಬದಲಿಸಲು ಹೋದರೂ ಸಾಯಬಹುದು. ಈ ಎರಡರ ನಡುವೆ ನನ್ನ ದೇಹವನ್ನೇ ನಾನು ನಂಬದಾದೆ. ಹಾಲು ಬಿಟ್ಟೆ, ಮೊಸರು ಬಿಟ್ಟೆ. ಅನ್ನವನ್ನೂ ಅನುಮಾನದಿಂದ ನೋಡಿದೆ. ಒಂದು ದಿನ ವೈನಿಯನ್ನು ನಿಲ್ಲಿಸಿ, ಆವತ್ತು ಹುಟ್ಟು ಸರಿಯಾಗಿ ತೊಳೆದಿದ್ದೆಯಾ, ನಿನಗೆ ನನ್ನ ಜೀವ ಅಷ್ಟು ಹಗುರವೇ ಎಂದು ಕೇಳಿದೆ. ನಾನು ಹಾಗೆ ಮಾತಾಡುವವಳಲ್ಲ. ವೈನಿ ಗಡಿಗೆಯನ್ನು ಮತ್ತೆ ತೊಳೆಯಲು ಕುಳಿತಳು. ಅವ್ವ ಅಲ್ಲೇ ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

ಬರೆದ ಆಸ್ಪತ್ರೆಗಳಿಂದ ಉತ್ತರ ಬರುವ ಮೊದಲೇ, ಆರನೇ ವಾರ ಶ್ವಾಸಕೋಶದಲ್ಲಿ ನೀರು ತುಂಬಿ ಮತ್ತೆ ಆಸ್ಪತ್ರೆ ಸೇರಿದೆ. ನಾಲ್ಕು ದಿನಕ್ಕೆ ಸ್ವಲ್ಪ ಸುಧಾರಿಸಿದ ಮೇಲೆ ಮಧ್ಯಾಹ್ನ ವಾರ್ಡಿನ ಹೊರಗಿನ ಹಾಲ್‌ನಲ್ಲಿ ಕೂರಲು ಬಿಟ್ಟರು. ಅಲ್ಲಿ ಆಳಂದದ ಒಬ್ಬ ಹೆಂಗಸು ಇರುತ್ತಿದ್ದರು. ಅವರ ಗಂಡನಿಗೆ ಬೈಪಾಸ್ ಆಗಿತ್ತು. ನಾನು ಅವರನ್ನು ಖಾಲಾ, ಚಿಕ್ಕಮ್ಮ, ಎನ್ನುತ್ತಿದ್ದೆ. ನನಗಿಂತ ಹೆಚ್ಚು ಅವ್ವನಿಗೆ ಅವರ ಗೆಳೆತನ. ಇಬ್ಬರೂ ಎಲೆ ಅಡಿಕೆ ಹಂಚಿಕೊಂಡು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಆ ದಿನ ಅವ್ವ ಔಷಧಿ ತರಲು ಕೆಳಗೆ ಹೋಗಿದ್ದಳು. ಖಾಲಾ ನನ್ನ ಪಕ್ಕ ಬಂದು ಕುಳಿತು ತಲೆ ನೇವರಿಸಿದರು.

"ಫಿಕರ್ ಮಾಡಬ್ಯಾಡ ಬೇಟಿ. ನಿಮ್ಮವ್ವ ಕಂದೂರಿ ಮಾಡ್ಯಾರ, ನಿನಗ ತುತ್ತು ಬಿ ಮುಟ್ಟಿಸ್ಯಾರ. ಹರಕಿ ಕಬೂಲ್ ಆಗೇ ಆಗತದ."

ಕಂದೂರಿ ಎಂದರೆ ದರ್ಗಾಕ್ಕೆ ಹರಕೆ ಹೊತ್ತು ಆಡು ಕೊಯ್ದು ಮಾಡುವ ಊಟ. ನಮ್ಮ ಕಡೆ ಹಿಂದೂಗಳೂ ಮುಸ್ಲಿಮರೂ ಮಾಡುತ್ತಾರೆ. ಅವ್ವನ ತವರು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಹಳ್ಳಿ. ಅಲ್ಲಿ ಬೇವಿನ ಮರದ ಕೆಳಗೆ ಪೀರಜ್ಜನ ಒಂದು ಸಣ್ಣ ದರ್ಗಾ ಇದೆ. ಯಾರಿಗಾಗಿ ಹರಕೆ ಹೊತ್ತಿದ್ದೋ ಅವರ ಬಾಯಿಗೆ ಕಂದೂರಿಯ ಒಂದು ತುತ್ತು ಬೀಳದಿದ್ದರೆ ಹರಕೆ ಮುಟ್ಟುವುದಿಲ್ಲ ಎಂಬುದು ಅಲ್ಲಿಯ ನೇಮ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ಯಾವಾಗ ಮುಟ್ಟಿಸಿದರಂತೆ ಎಂದು ಖಾಲಾರನ್ನು ಕೇಳಿದೆ. ಆಪರೇಷನ್ನಿಗೆ ಹತ್ತು ದಿನ ಇದ್ದಾಗ, ಮಧ್ಯಾಹ್ನ, ಪಲ್ಯದಲ್ಲಿ ಎಂದು ಅವರು ಖುಷಿಯಿಂದಲೇ ಹೇಳಿದರು. ಅವರಿಗೆ ನನ್ನ ಅಲರ್ಜಿಯ ಸುದ್ದಿಯೇ ಗೊತ್ತಿರಲಿಲ್ಲ. ಮಗಳಿಗೆ ಎದೆ ರೋಗವೆಂದಷ್ಟೇ ಅವ್ವ ಹೇಳಿದ್ದಳು.

ಅವ್ವ ಔಷಧಿಯ ಚೀಲ ಹಿಡಿದು ಬಂದಳು. ಖಾಲಾ ಗಂಡನನ್ನು ನೋಡಲು ಒಳಗೆ ಹೋಗುವವರೆಗೆ ಕಾದೆ.

"ಆವತ್ತು ಗಾಣಗಾಪುರಕ್ಕ ಹೋಗಿದ್ದಿಲ್ಲ ನೀವು."

ಅವ್ವ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಅಲ್ಲಗಳೆಯಲಿಲ್ಲ.

"ಎಷ್ಟು ಹಾಕಿದ್ದಿ?"

"ಒಂದ ಹುಟ್ಟು ರಸ. ಮ್ಯಾಲಿನ ಎಣ್ಣಿ. ತುಂಡು ಹಾಕಿಲ್ಲ, ನಿನ್ನಾಣಿ." ಚೀಲದ ಬಾಯಿ ಮಡಚುತ್ತ, "ಎರಡನೇ ಸಲ ನೀನ ಕೇಳಿದಿ," ಎಂದಳು.

ಆ ಮಾತನ್ನು ನಾನು ಇಂದಿಗೂ ನುಂಗಲಾರೆ. ಡಾಕ್ಟರು ಮೂರು ಸಲ ಕೇಳಿದಾಗ ಯಾಕೆ ಹೇಳಲಿಲ್ಲ ಎಂದೆ.

"ಅದು ಹರಕಿ ತುತ್ತು. ಅದು ಹ್ಯಾಂಗ ಕೆಡಕ ಮಾಡತದ ಬೇ? ಕ್ಯಾಪ್ಸೂಲ್‌ನಿಂದ ಆತು ಅಂತ ಅವರ ಅಂದರು. ನಾ ಅಲ್ಲಿ ಪೀರಜ್ಜನ ಹೆಸರು ತಗದಿದ್ದರ ಅವನ ಮ್ಯಾಲ ಅಪವಾದ ಹೊರಿಸಿದಂಗ ಆಗತಿತ್ತು. ಆಮ್ಯಾಲ ನಿನ್ನ ಯಾರು ಕಾಯಬೇಕು?"

ಅವಳು ತಪ್ಪಿತಸ್ಥಳಂತೆ ಮಾತಾಡಲಿಲ್ಲ. ನನ್ನನ್ನು ಉಳಿಸುವ ಒಂದೇ ದಾರಿಯನ್ನು ಕಾಯ್ದುಕೊಂಡವಳಂತೆ ಮಾತಾಡಿದಳು. ನಾನು ಐದು ವಾರ ಕುಳಿತು ನಿದ್ದೆ ಮಾಡಿದ್ದನ್ನು ಅವಳು ಪಕ್ಕದಲ್ಲೇ ಮಲಗಿ ನೋಡಿದ್ದಳು. ವೈನಿಗೆ ನಾನು ಬೈದಾಗ ಹೊಸ್ತಿಲಲ್ಲೇ ಇದ್ದಳು. ಎದುರಾಳಿ ಆಡಿನ ಮಾಂಸವಲ್ಲ, ಉಣ್ಣಿಯಲ್ಲ, ನನ್ನ ಮನೆ ಎಂದು ಅನಿಸಿದ್ದು ಆಗ. ಅಣ್ಣನೂ ಕಂದೂರಿಗೆ ಹೋಗಿದ್ದ. ಅವನೂ ಕ್ಯಾಲೆಂಡರ್ ನೋಡಿದ್ದ.

ಇದನ್ನು ಡಾಕ್ಟರಿಗೆ ಹೇಳಲೇಬೇಕು ಎಂದೆ. ನೀನೇ ಹೇಳು ಎಂದು ಅವ್ವ ನನ್ನನ್ನು ಬೇಡಿಕೊಂಡಳು. ನಾನು ಒಪ್ಪಲಿಲ್ಲ. ಹಠಕ್ಕಲ್ಲ. ಎಷ್ಟು ಹಾಕಿದ್ದು, ಅದರಲ್ಲಿ ಕೊಬ್ಬು ಎಷ್ಟಿತ್ತು ಎಂಬುದು ನನಗೆ ಗೊತ್ತಿರಲಿಲ್ಲ, ಹಾಕಿದ ಕೈಗೆ ಗೊತ್ತಿತ್ತು.

"ನೀ ಹೇಳಲಿಲ್ಲಂದ್ರ ಅವರು ನನ್ನ ಎದಿ ತೆರಿಯಂಗಿಲ್ಲ. ಪೀರಜ್ಜನ ಮರ್ಯಾದಿ ಉಳೀತದ, ನಾ ಉಳಿಯಂಗಿಲ್ಲ. ಯಾವುದು ಬೇಕು ನೀನ ನೋಡು."

ಅವ್ವ ಔಷಧಿಯ ಚೀಲವನ್ನು ನನ್ನ ಪಕ್ಕಕ್ಕಿಟ್ಟಳು. ಆಮೇಲೆ ಎದ್ದಳು. ಡಾಕ್ಟರ ಕೋಣೆಯ ಹೊರಗೆ ಚಪ್ಪಲಿ ಬಿಟ್ಟಳು. ಅಲ್ಲಿ ಯಾರೂ ಬಿಡುವುದಿಲ್ಲ.

ಡಾಕ್ಟರು ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಲಿಲ್ಲ. ಹೊಸ ಹಾಳೆ ತೆಗೆದುಕೊಂಡು ಆಡಿನ ಯಾವ ಭಾಗ, ಎಷ್ಟು ಹೊತ್ತು ಬೇಯಿಸಿದ್ದು, ಎಣ್ಣೆ ಎಷ್ಟು ದಪ್ಪ ತೇಲುತ್ತಿತ್ತು, ಹುಟ್ಟು ಯಾವ ಅಳತೆಯದ್ದು ಎಂದು ಕೇಳಿದರು. ಅವ್ವ ಒಂದೊಂದಕ್ಕೂ ಅಡುಗೆ ಮಾಡುವವಳ ಖಚಿತತೆಯಿಂದ ಉತ್ತರಿಸಿದಳು. ಕೊನೆಗೆ ಡಾಕ್ಟರು ಪೆನ್ನು ಮುಚ್ಚಿದರು.

"ಅಮ್ಮಾ, ಇದನ್ನು ಆವತ್ತೇ ಹೇಳಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಮಗಳು ಆಪರೇಷನ್ ಮುಗಿಸಿ ಮನೆಯಲ್ಲಿರುತ್ತಿದ್ದಳು."

ಅವ್ವ ಅಳಲಿಲ್ಲ. ಹೌದ್ರಿ ಎಂದಳು.

ಲೆಕ್ಕ ಮತ್ತೆ ಮೊದಲಿನ ಜಾಗಕ್ಕೆ ಬಂತು. ಹಾಗೆಂದು ಡಾಕ್ಟರು ಮಾತಿನ ಮೇಲೆ ನಂಬಿ ಬಿಡಲಿಲ್ಲ. ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ, ಸೂಜಿಮದ್ದು ತುಂಬಿ ಪಕ್ಕದಲ್ಲಿಟ್ಟು, ಅದೇ ವಿಟಮಿನ್ ಕ್ಯಾಪ್ಸೂಲನ್ನು ನನಗೆ ಕೊಟ್ಟರು. ನುಂಗಿ ಎಂಟು ತಾಸು ಕಾಯಬೇಕಿತ್ತು. ನನ್ನ ಬದುಕಿನ ಅತಿ ಉದ್ದದ ಎಂಟು ತಾಸು ಅದು. ಅಂಗೈಯನ್ನು ಎಷ್ಟು ಸಲ ತಿರುಗಿಸಿ ನೋಡಿಕೊಂಡೆನೋ. ಅವ್ವ ಮಂಚದ ಕಾಲಬದಿಯಲ್ಲಿ ಕುಳಿತು ನನ್ನ ಅಂಗಾಲನ್ನೇ ನೋಡುತ್ತಿದ್ದಳು, ನೀರನ್ನೂ ಕುಡಿಯಲಿಲ್ಲ. ನಾನು ಅವಳೊಂದಿಗೆ ಮಾತಾಡಲಿಲ್ಲ. ಸಂಜೆ ಐದಕ್ಕೆ ಡಾಕ್ಟರು ಬಂದು ಬೆನ್ನು, ಹೊಟ್ಟೆ, ತುಟಿ ನೋಡಿ, ಆಯ್ತು ಎಂದಷ್ಟೇ ಹೇಳಿದರು. ಆ ಒಂದು ಪದಕ್ಕೆ ನನ್ನ ಕಣ್ಣು ತುಂಬಿತು.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಅವರು ಪ್ರತಿಯೊಂದು ಬಾಟಲಿಯ ಚೀಟಿಯನ್ನು ನನಗೆ ಕೇಳುವಂತೆ ಓದಿದರು. ರಕ್ತ ಹೆಪ್ಪುಗಟ್ಟದಿರಲು ಹಾಕುವ ಔಷಧಿಯನ್ನು ನನಗೆ ಎಚ್ಚರವಿದ್ದಾಗಲೇ ಅತಿ ಕಡಿಮೆ ಪ್ರಮಾಣದಲ್ಲಿ ಕೊಟ್ಟು, ಮಣಿಕಟ್ಟು ಹಿಡಿದು ಸ್ಟೂಲಿನ ಮೇಲೆ ಕುಳಿತರು. ತುರಿಕೆ ಇದೆಯಾ ಎಂದು ಆಗಾಗ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಪ್ರಮಾಣ ಸ್ವಲ್ಪ ಹೆಚ್ಚಿಸುತ್ತಿದ್ದರು, ಮತ್ತೆ ಕೇಳುತ್ತಿದ್ದರು. ಇಷ್ಟು ದಿನ ನನ್ನ ಮಾತಿಗಿಂತ ಬೇರೆಯವರ ಮಾತಿನ ಮೇಲೆ ನನ್ನ ಜೀವ ನಿಂತಿತ್ತು. ಆ ಮೇಜಿನ ಮೇಲೆ ನಾನು ಹೇಳಿದ್ದೇ ಸತ್ಯವೆಂದು ಒಬ್ಬರು ಬರೆದುಕೊಳ್ಳುತ್ತಿದ್ದರು. ಎಚ್ಚರವಾದಾಗ ಗಂಟಲಲ್ಲಿ ಕೊಳವೆಯಿತ್ತು, ಎದೆಯ ಮೇಲೆ ಬಂಡೆಯಂಥ ಭಾರವಿತ್ತು, ಒಳಗೆ ಲೋಹದ ಕವಾಟ ಸಣ್ಣಗೆ ಟಿಕ್ ಎನ್ನುತ್ತಿತ್ತು. ಮೈಮೇಲೆ ಒಂದು ಗಂಧೆಯೂ ಇರಲಿಲ್ಲ.

ಮನೆಗೆ ಬಂದ ಮೇಲೆ ಮೊದಲು ವೈನಿಯ ಬಳಿ ಹೋಗಿ ತಪ್ಪಾಯಿತು ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಂಗ ಗೊತ್ತಿತ್ತು. ಕಂದೂರಿ ಡಬ್ಬಿ ನಾನ ತೊಳದೀನಿ."

ಯಾಕೆ ಹೇಳಲಿಲ್ಲ ಎಂದು ಕೇಳುವಷ್ಟರಲ್ಲಿ ಅವಳೇ ತಿರುಗಿ ನೋಡಿದಳು. "ಅತ್ತಿ ಮ್ಯಾಲ ಸೊಸಿ ಹೇಳಿದ್ದರ, ನೀ ಯಾರ ಮಾತು ನಂಬ್ತಿದ್ದಿ ಹೇಳು?"

ಅವಳು ಬಡಿದ ರೊಟ್ಟಿಯನ್ನು ನಾನೇ ತಟ್ಟೆಗೆ ಹಾಕಿಕೊಂಡು ಅಲ್ಲೇ ಕುಳಿತು ಉಂಡೆ.

ನನ್ನಂಥವರು ಈ ಭಾಗದಲ್ಲಿ ಇನ್ನೂ ಇರಬಹುದು, ಗಂಧೆಗೆ ಕಂಬಳಿ ಹೊದೆದು ಸುಮ್ಮನಿರಬಹುದು. ಅವರಿಗೆ ನಾನು ಹೇಳುವುದು ಬಹಳವಿಲ್ಲ. ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲು ಉಣ್ಣಿಯ ಮಾತನ್ನೂ ಮಾಂಸದ ಮಾತನ್ನೂ ಡಾಕ್ಟರಿಗೆ ನೀವೇ ಹೇಳಿ. ಮತ್ತೆ, ನಿಮ್ಮನ್ನು ಪ್ರೀತಿಸುವವರು ನಿಮ್ಮ ತಟ್ಟೆಗೆ ಏನು ಹಾಕುತ್ತಿದ್ದಾರೆಂದು ಕೇಳಿ. ಕೇಳಿದರೆ ಅವರಿಗೆ ನೋವಾಗುತ್ತದೆ. ಆದರೂ ಕೇಳಿ.

ನೋಡಲು ಬರುವವರು ಈಗಲೂ ಬರುತ್ತಾರೆ. ಹೋದ ತಿಂಗಳು ಓಣಿಯ ನಾಲ್ಕು ಹೆಂಗಸರು ಬಂದಿದ್ದರು. ನಾನು ಒಳಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಪಡಸಾಲೆಯಲ್ಲಿ ಅವ್ವ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಕಂದೂರಿ ಮಾಡಿದ್ದು, ತುತ್ತು ಮುಟ್ಟಿಸಿದ್ದು, ಪೀರಜ್ಜ ಕೈಹಿಡಿದಿದ್ದು. ಹೆಂಗಸರು ಹೂಂಗುಟ್ಟುತ್ತಿದ್ದರು. ಜೇವರ್ಗಿಯ ಜೀಪು ಆ ಕಥೆಯಲ್ಲಿ ಇರಲಿಲ್ಲ. ಐದು ವಾರವೂ ಇರಲಿಲ್ಲ. ಇದೇ ಕಥೆ ಊರಲ್ಲಿ ಉಳಿಯುತ್ತದೆ, ನಾನು ಸತ್ತಿದ್ದರೆ ಇನ್ನೊಂದು ಉಳಿಯುತ್ತಿತ್ತು, ಅದರಲ್ಲಿ ಕ್ಯಾಪ್ಸೂಲ್ ಇರುತ್ತಿತ್ತು ಎಂದು ಅನಿಸಿತು. ಬಂದವರ ಮುಂದೆ ಮಾತಾಡುವ ರೂಢಿ ನನಗಿಲ್ಲ. ಎದ್ದು ಹೋಗಿ ಬಾಗಿಲಲ್ಲಿ ನಿಂತೆ.

"ಆ ತುತ್ತಿನಿಂದ ನಾ ಸಾಯ್ತಿದ್ದೆ, ಅವ್ವಾ. ಅದನ್ನೂ ಹೇಳು."

ಹೆಂಗಸರು ನನ್ನನ್ನು, ಆಮೇಲೆ ಅವ್ವನನ್ನು ನೋಡಿದರು. ಅವ್ವನ ಕೈಯಲ್ಲಿ ಚಹಾದ ಬಟ್ಟಲಿತ್ತು. ಅದನ್ನು ನೆಲದ ಮೇಲಿಟ್ಟಳು.

"ಖರೇ ಅದ," ಎಂದಳು. "ಪಲ್ಯದಾಗ ಹಾಕಿದಾಕಿ ನಾನ. ಡಾಕ್ಟರಿಗಿ ಸುಳ್ಳು ಹೇಳಿದಾಕೀನೂ ನಾನ."

ಅವ್ವ ಮೊದಲಿನಿಂದ ಮತ್ತೆ ಹೇಳತೊಡಗಿದಳು, ಬೆಳಿಗ್ಗೆ ಗಾಣಗಾಪುರದ ಹೆಸರು ಹೇಳಿ ಮನೆ ಬಿಟ್ಟಲ್ಲಿಂದ. ನಾನು ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು ಕೊನೆಯವರೆಗೂ ಕೇಳಿದೆ.